ಎಲ್ಲರನ್ನೂ ಕೇಳುವ ಮೇಸ್ತ್ರಿ

ನನ್ನ ಭಾವ ಗಾರೆ ಮೇಸ್ತ್ರಿ. ನಲವತ್ತು ವರ್ಷದಲ್ಲಿ ಎಷ್ಟು ಮನೆ ಕಟ್ಟಿದಿರಿ ಅಂತ ಕೇಳಿದರೆ ಸುಮ್ಮನೆ ಮುಖ ನೋಡುತ್ತಾರೆ. ಯಾವ ಮನೆಯ ಯಾವ ಗೋಡೆ ಒಂದೆಳೆ ಓರೆಯಾಗಿದೆ ಅಂತ ಕೇಳಿ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಕುಳ್ಳಗಿನ ಆಳು, ಅಗಲ ಭುಜ. ಸಿಮೆಂಟಿನಲ್ಲಿ ಕೈಯಾಡಿಸಿ ಆಡಿಸಿ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ಎಲ್ಲಾದರೂ ಹೆಬ್ಬೆಟ್ಟು ಒತ್ತಬೇಕಾಗಿ ಬಂದರೆ ಯಂತ್ರ ಅವರನ್ನು ಒಪ್ಪುವುದೇ ಇಲ್ಲ. “ನಾನೇ ಎದುರಿಗೆ ನಿಂತಿದ್ದೀನಿ, ಆದ್ರೂ ಇದು ನಾನಲ್ಲ ಅನ್ನುತ್ತಲ್ಲೋ” ಅಂತ ನಗುತ್ತಾರೆ. ಅವರು ನಗುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದಕ್ಕೇ ನೆನಪಿದೆ.

ನಾನು ಅವರ ಹೆಂಡತಿಯ ತಮ್ಮ, ಕಂಬಿ ಕಟ್ಟುವವನು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಜನ ಹೇಳುತ್ತಾರೆ. ಹೇಳಿಕೊಳ್ಳಲಿ, ನನಗೇನು! ಬಿಸಿಲಲ್ಲಿ ಕಾದ ಕಂಬಿಯ ಮೇಲೆ ದಿನವಿಡೀ ಬಗ್ಗಿ ಕೂತು ತಂತಿ ತಿರುಚಿ ನೋಡಿ, ನಿಮಗೂ ಕೋಪ ಬರುತ್ತದೆ. ಹದಿನೆಂಟನೇ ವಯಸ್ಸಿಗೆ ಭಾವನ ಗುಂಪಿಗೆ ಸೇರಿದವನು ಇವತ್ತಿಗೂ ಅಲ್ಲೇ ಇದ್ದೇನೆ. ಬೇರೆ ಮೇಸ್ತ್ರಿಗಳು ಕರೆದಿದ್ದರು, ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು. ಭಾವನ ತಲೆಯ ಮೇಲೆ ಒಂದು ಭಾರ ಇತ್ತು. ಅದು ನಿಜವಾಗಿ ನನ್ನದು, ಅವರು ಸುಮ್ಮನೆ ಹೊತ್ತುಕೊಂಡು ತಿರುಗುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡದೆ ಹತ್ತೊಂಬತ್ತು ವರ್ಷ ಅವರ ಪಕ್ಕದಲ್ಲೇ ಕೆಲಸ ಮಾಡಿದೆ.

ಮೊದಲು ಮೋಲ್ಡಿನ ವಿಷಯ ಹೇಳಿಬಿಡುತ್ತೇನೆ. ತಾರಸಿ ಹಾಕುವುದಕ್ಕೆ ನಾವು ಮೋಲ್ಡು ಅನ್ನುತ್ತೇವೆ. ಬಡಗಿ ಬಂದು ಕೆಳಗೆ ಸಾಲಾಗಿ ಆಸರೆ ಕಂಬ ನಿಲ್ಲಿಸಿ ಮೇಲೆ ಹಲಗೆ ಹಾಸುತ್ತಾನೆ. ಆ ಹಲಗೆಯ ಮೇಲೆ ನಾನು ಕಂಬಿ ಹೆಣೆಯುತ್ತೇನೆ. ಆಮೇಲೆ ಕರೆಂಟಿನ ಪೈಪು, ಆಮೇಲೆ ಕಾಂಕ್ರೀಟು. ಹಾಕಿದ ಕಾಂಕ್ರೀಟು ಗಟ್ಟಿಯಾಗುವ ತನಕ ಅಷ್ಟೂ ಭಾರ ಕೆಳಗಿನ ಕಂಬಗಳ ಮೇಲೆಯೇ. ಒಂದು ಕಂಬ ಜಾರಿದರೆ ಪಕ್ಕದ್ದೂ ಜಾರುತ್ತದೆ.

ಭಾವನ ಗುಂಪಿನಲ್ಲಿ ಮೋಲ್ಡಿನ ಹಿಂದಿನ ದಿನ ನಾಲ್ಕು ಗಂಟೆಗೆ ಕೆಲಸ ನಿಲ್ಲುತ್ತದೆ. ಎಲ್ಲರೂ ಮೇಲೆ ಹತ್ತಬೇಕು. ಎಲ್ಲರೂ ಅಂದರೆ ಎಲ್ಲರೂ. ಮರಳು ಜರಡಿ ಹಿಡಿಯುವ ಮುದುಕ, ಜಲ್ಲಿ ಹೊರುವ ಹೆಂಗಸರು, ಇಟ್ಟಿಗೆ ಇಳಿಸಲು ಅವತ್ತು ಒಂದೇ ದಿನಕ್ಕೆ ಬಂದ ಲಾರಿಯವನಾದರೂ ಸರಿ, ಹತ್ತಬೇಕು. ಕಂಬಿಯ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟು ಸುತ್ತ ನಿಲ್ಲಬೇಕು. ಭಾವ ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳುತ್ತಾರೆ, “ನೀನೇನು ನೋಡಿದೆ?”

“ಏನೂ ಇಲ್ಲ” ಅನ್ನುವ ಉತ್ತರ ನಡೆಯುವುದಿಲ್ಲ. “ಕಣ್ಣಿದೆ ತಾನೆ? ಬೆಳಗ್ಗೆಯಿಂದ ಇಲ್ಲೇ ಇದ್ದೀಯ ತಾನೆ? ಮತ್ತೆ ಏನೂ ನೋಡಿಲ್ಲ ಅಂದ್ರೆ ಹೇಗೆ? ಇನ್ನೊಂದು ಸಲ ನೋಡ್ಕೊಂಡು ಬಾ.” ನೋಡಿಕೊಂಡು ಬರುವ ತನಕ ಮಿಕ್ಕವರು ನಿಂತಿರಬೇಕು. ಒಂದು ಸಲ ಒಬ್ಬಳು ಬೇಸತ್ತು, “ಮೇಸ್ತ್ರಿ, ನಿಮ್ಮ ಅಂಗಿ ಗುಂಡಿ ಒಂದು ಹೋಗಿದೆ, ಅದನ್ನ ನೋಡಿದೆ” ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಭಾವ ಬಗ್ಗಿ ಅಂಗಿ ನೋಡಿಕೊಂಡು, “ಸರಿ, ಹೌದು. ಮುಂದಿನವರು” ಅಂದರು. ಅಷ್ಟು ಗಂಭೀರವಾಗಿ ಅಂದದ್ದಕ್ಕೆ ನಗು ಅಲ್ಲಿಗೇ ನಿಂತುಹೋಯಿತು.

ತಲೆ ತಿನ್ನುತ್ತಾರೆ ಅಂತ ಬೈದುಕೊಂಡು ಬಿಟ್ಟುಹೋದವರು ಎಷ್ಟೋ ಜನ. ಬೇರೆ ಗುಂಪಿನವರು ‘ಕೇಳೋ ಮೇಸ್ತ್ರಿ’ ಅಂತ ಅಡ್ಡಹೆಸರು ಇಟ್ಟು ಆಡಿಕೊಳ್ಳುತ್ತಿದ್ದರು. ಆದರೆ ಆ ಕೇಳುವುದರಿಂದ ಎಷ್ಟು ಸಿಕ್ಕಿದೆ ಅಂತ ನನಗೆ ಗೊತ್ತು. ಬಿರುಕು ಬಿಟ್ಟ ಹಲಗೆಯನ್ನು ತೋರಿಸಿದ್ದು ಜರಡಿ ಮುದುಕ. ನಾನು ಒಂದು ಕಡೆ ಕಂಬಿ ಕಡಿಮೆ ಹಾಕಿದ್ದನ್ನು ಹಿಡಿದದ್ದು ಜಲ್ಲಿ ಹೊರುವ ಹೆಂಗಸು. ಅವತ್ತು ಕೋಪ ನೆತ್ತಿಗೇರಿ ಕೈಲಿದ್ದ ತಂತಿ ತಿರುಚುವ ಕೊಕ್ಕೆ ಬಿಸಾಕಿದ್ದೆ. ಆಮೇಲೆ ಎಣಿಸಿ ನೋಡಿದರೆ ಅವಳು ಹೇಳಿದ್ದೇ ಸರಿ. ಬಾಯಿ ಮುಚ್ಚಿಕೊಂಡು ಕಟ್ಟಿದೆ.

ಇಷ್ಟೇ ಆಗಿದ್ದರೆ ಒಳ್ಳೆಯ ಮೇಸ್ತ್ರಿ ಅಂತ ಹೇಳಿ ಮುಗಿಸಬಹುದಿತ್ತು. ಕೊನೆಯವರು ಹೇಳಿ ಮುಗಿಸಿದ ಮೇಲೂ ಭಾವ ಹೋಗಿ ಅನ್ನುತ್ತಿರಲಿಲ್ಲ. ಸಾಲಿನ ಕೊನೆಗೆ ಯಾರೂ ಇಲ್ಲದ ಜಾಗದ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಒಬ್ಬ ಮನುಷ್ಯ ಎರಡು ಮಾತು ಹೇಳಿ ಮುಗಿಸುವಷ್ಟು ಹೊತ್ತು, ತಲೆ ಸ್ವಲ್ಪ ಓರೆ ಮಾಡಿಕೊಂಡು, ಕಿವಿಗೊಟ್ಟು. ಆಮೇಲೆ “ಸರಿ” ಅಂತ ಇಳಿದು ಹೋಗುತ್ತಿದ್ದರು. ಹೊಸಬರು ಮೊದಲ ಸಲ ಅದನ್ನು ನೋಡಿದಾಗ ಮೆಲ್ಲಗೆ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದರು. ಹಳಬರು ನೋಡುತ್ತಿರಲಿಲ್ಲ. ಯಾರೂ ಹೇಳಿಕೊಡದಿದ್ದರೂ ನಾವೆಲ್ಲ ನಿಲ್ಲುವಾಗ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟೇ ನಿಲ್ಲುತ್ತಿದ್ದೆವು.

ಆ ಜಾಗ ನೀರಕ್ಕನದು.

ನೀರಕ್ಕ ಅಂದರೆ ನಮ್ಮ ಗುಂಪಿನಲ್ಲಿ ನೀರು ಹಾಕುತ್ತಿದ್ದವಳು. ಕಟ್ಟಿದ ಗೋಡೆಗೆ ದಿನಕ್ಕೆ ಮೂರು ಸಲ ನೀರುಣಿಸಬೇಕು, ಇಲ್ಲದಿದ್ದರೆ ಸಿಮೆಂಟು ಹಿಡಿಯುವುದಿಲ್ಲ. ಗಂಡ ತೀರಿಕೊಂಡಿದ್ದ. ಏಳು ವರ್ಷದ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಸಣ್ಣ ದನಿ. ಮಾತಾಡುವ ಮೊದಲು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು, ಮಾತು ಕೊಳೆಯಾಗದಿರಲಿ ಅನ್ನುವ ಹಾಗೆ. ನಮ್ಮಲ್ಲಿ ಒಂದು ಜಂಬ ಇತ್ತು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಾಯಿ ಹಾಕಬಾರದು. ಕಂಬಿಯವನು ಹಲಗೆ ಸರಿಯಿಲ್ಲ ಅನ್ನಬಾರದು, ಬಡಗಿ ಗೋಡೆ ಸರಿಯಿಲ್ಲ ಅನ್ನಬಾರದು. ಅಂದರೆ ಅವಮಾನ. ಎಷ್ಟೋ ಕಡೆ ಇದಕ್ಕೇ ಕೈಕೈ ಮಿಲಾಯಿಸಿದ್ದಾರೆ. ಇನ್ನು ನೀರು ಹಾಕುವವಳು ಬಾಯಿ ಹಾಕುವುದೆಂದರೆ, ಕೇಳುವವರು ಯಾರು?

ಇಪ್ಪತ್ತು ವರ್ಷದ ಹಿಂದೆ ಒಂದು ಎರಡಂತಸ್ತಿನ ಮನೆ. ಮೋಲ್ಡಿನ ದಿನ ಬೆಳಗ್ಗೆ ಹನ್ನೊಂದು ಗಂಟೆ ಇರಬೇಕು. ಅರ್ಧ ಕಾಂಕ್ರೀಟು ಬಿದ್ದಿತ್ತು. ನಾನು ಏಣಿಯ ಹತ್ತಿರ ತಂತಿ ಕತ್ತರಿಸುತ್ತ ಕೂತಿದ್ದೆ. ನೀರಕ್ಕ ಬಂದಳು. ಬಾಯಿ ಒರೆಸಿಕೊಂಡಳು.

“ತಮ್ಮಾ, ಆ ಹಿಂದಿನ ಮೂಲೇಲಿ ನೀರು ನಿಲ್ತಾನೇ ಇಲ್ಲ. ಎಷ್ಟು ಹಾಕಿದ್ರೂ ನೆಲ ಕುಡೀತಾ ಇದೆ. ಕಂಬದ ಬುಡ ಕೂರುತ್ತೇನೋ ಅಂತ ಭಯ ಆಗ್ತಿದೆ.”

ನಾನು ತಲೆ ಎತ್ತಲಿಲ್ಲ. “ನೆಲಕ್ಕೂ ಬಾಯಾರಿಕೆ ಆಗುತ್ತೆ ಅಕ್ಕಾ, ಕುಡೀಲಿ ಬಿಡು” ಅಂದೆ.

ಎಂಥ ಚಂದದ ತಮಾಷೆ! ಅವತ್ತು ನನಗೇ ನಗು ಬಂದಿತ್ತು. ಅವಳು ಒಂದು ಗಳಿಗೆ ನಿಂತಳು. ಅವಳ ಪಾದದ ಬೆರಳುಗಳು, ಅದಕ್ಕೆ ಮೆತ್ತಿದ ಕೆಸರು ಮಾತ್ರ ನನಗೆ ಕಾಣಿಸುತ್ತಿತ್ತು. ಆಮೇಲೆ ಹೋದಳು. ಮುಖ ನೋಡಲೇ ಇಲ್ಲ ನಾನು. ಈಗ ಎಷ್ಟು ನೆನಪು ಮಾಡಿಕೊಂಡರೂ ಪಾದ ಮಾತ್ರ ಬರುತ್ತದೆ.

ಹನ್ನೆರಡಕ್ಕೆ ಮೊದಲೇ ಹಿಂದಿನ ಮೂಲೆ ಕುಸಿಯಿತು. ಅಲ್ಲಿ ಯಾವ ಕಾಲದ್ದೋ ಮುಚ್ಚಿದ ಗುಂಡಿ ಇತ್ತಂತೆ, ಮಣ್ಣು ಸಡಿಲ. ಮೇಲಿದ್ದವರು ಹಾರಿಕೊಂಡರು. ಒಬ್ಬಿಬ್ಬರಿಗೆ ಕೈಕಾಲು ತರಚಿತು, ಅಷ್ಟೇ. ಕೆಳಗೆ ಯಾರೂ ಇರಬಾರದಿತ್ತು. ನೀರಕ್ಕ ಇದ್ದಳು. ಹಲಗೆಗಳನ್ನು ಎತ್ತಿ ಎತ್ತಿ ಹಾಕಿದೆವು, ಕಾಂಕ್ರೀಟನ್ನು ಬರಿಗೈಯಲ್ಲಿ ಬಾಚಿದೆವು. ಅವಳ ಕೈಯಲ್ಲಿ ಒಂದು ಮೊಳದ ಹಲಗೆಯ ತುಂಡು ಇತ್ತು. ಕಂಬದ ಬುಡಕ್ಕೆ ಕೊಡಲು ತಾನೇ ತೆಗೆದುಕೊಂಡು ಹೋಗಿದ್ದಳು ಅಂತ ನೋಡಿದ ಕೂಡಲೇ ನನಗೆ ತಿಳಿಯಿತು. ಯಾರೂ ನೋಡುವ ಮೊದಲು ಆ ತುಂಡನ್ನು ಅವಳ ಬೆರಳಿನಿಂದ ಬಿಡಿಸಿ ಮುರಿದ ಹಲಗೆಗಳ ರಾಶಿಗೆ ಎಸೆದೆ. ಯಾಕೆ ಹಾಗೆ ಮಾಡಿದೆ? ಹೆದರಿಕೆ. ಬೇರೆ ಏನೂ ಅಲ್ಲ, ಬರೀ ಹೆದರಿಕೆ.

ಕಂಟ್ರಾಕ್ಟರು ಬಂದ. ವಿಚಾರಣೆಯವರೂ ಬಂದರು. ಕೆಳಗೆ ಯಾಕೆ ಹೋಗಿದ್ದಳು ಅನ್ನುವುದೇ ಪ್ರಶ್ನೆ. “ಬಿಸಿಲಿತ್ತು, ನೆರಳಿಗೆ ಅಂತ ಹೋಗಿ ಮಲಗಿಬಿಟ್ಟಿದ್ದಾಳೆ” ಅಂದ ಕಂಟ್ರಾಕ್ಟರು. ಹಾಗೇ ಬರೆದುಕೊಂಡರು. ನಮ್ಮನ್ನು ಒಬ್ಬೊಬ್ಬರನ್ನೇ ಕರೆದು ಹೌದಾ ಅಂತ ಕೇಳಿದರು. ನಾನು ಹೌದು ಅಂದೆ. ಬಡಗಿಯಣ್ಣ ಹೌದು ಅಂದ. ಕಾಂಕ್ರೀಟು ಕಲೆಸುವ ಯಂತ್ರ ಓಡಿಸುವ ಗುಡುಗ ಹೌದು ಅಂದ. ಯಂತ್ರದ ಸದ್ದಿಗೆ ಕಿವಿ ಮಂದವಾಗಿ ಯಾವಾಗಲೂ ಕೂಗಿ ಮಾತಾಡುತ್ತಿದ್ದುದಕ್ಕೆ ಅವನಿಗೆ ಆ ಹೆಸರು. ಅವತ್ತು ಮಾತ್ರ ಪಿಸುಗುಟ್ಟಿದ. ಭಾವನೂ ಹೌದು ಅಂದರು. ಅವರಿಗೆ ಏನೂ ಗೊತ್ತಿಲ್ಲ, ಕಂಟ್ರಾಕ್ಟರು ಹೇಳಿದ್ದನ್ನೇ ನಂಬಿದ್ದಾರೆ ಅಂದುಕೊಂಡೆ.

ಮೂರು ತಿಂಗಳು ಭಾವ ಕರಣೆ ಮುಟ್ಟಲಿಲ್ಲ. ಮತ್ತೆ ಗುಂಪು ಕಟ್ಟಿದಾಗ ಈ ಕೇಳುವುದು ಶುರುವಾಯಿತು. “ನೀರಕ್ಕನನ್ನ ಯಾರೂ ಕೇಳಲಿಲ್ಲ. ಕೇಳಿದ್ದಿದ್ರೆ ಅವಳು ಏನಾದ್ರೂ ಹೇಳ್ತಿದ್ಲು” ಅಂದರು ಮೊದಲ ದಿನ. ಆಮೇಲೆ ಆ ಹೆಸರು ಎತ್ತಿದವರಲ್ಲ. ನಾನು ಕಂಬಿಯ ಮೇಲೆ ನಿಂತು ಕೇಳಿಸಿಕೊಂಡೆ. ಕೇಳದೆಯೇ ಬಂದು ಹೇಳಿದ್ದಳು ಭಾವ, ನನಗೆ ಹೇಳಿದ್ದಳು, ನಾನು ತಮಾಷೆ ಮಾಡಿ ಕಳಿಸಿದೆ. ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹೇಳಿದರೆ ಭಾವನ ಎದೆ ಹಗುರಾಗುತ್ತದೆ, ಕೇಳದ ತಪ್ಪು ಅವರ ಮೇಲಿಂದ ಇಳಿಯುತ್ತದೆ. ಆದರೆ ನನ್ನ ಮುಖ ಮತ್ತೆ ನೋಡುತ್ತಾರಾ? ಅಕ್ಕನ ಮನೆಯ ಬಾಗಿಲು ನನಗೆ ತೆರೆಯುತ್ತದಾ?

ಮನೆಯಲ್ಲೂ ಅದೇ ಆಗಿತ್ತು. ಊಟಕ್ಕೆ ಕೂತರೆ ಭಾವ ತಟ್ಟೆಯಲ್ಲಿ ಕೈ ಇಟ್ಟುಕೊಂಡು, “ಎಲ್ಲರೂ ಹೇಳಿದ್ರಾ?” ಅನ್ನುತ್ತಿದ್ದರು. ಯಾರು, ಏನು ಹೇಳಬೇಕು ಅಂತ ಯಾರಿಗೂ ಗೊತ್ತಿಲ್ಲ. ಮಕ್ಕಳು ಸಣ್ಣವರಿದ್ದಾಗ ಹೆದರುತ್ತಿದ್ದವು. ದೊಡ್ಡವರಾದ ಮೇಲೆ “ಹೇಳಿದ್ವಿ ಅಪ್ಪ, ಊಟ ಮಾಡಿ” ಅನ್ನುವುದು ರೂಢಿಯಾಯಿತು. ನಲ್ಲಿಯಲ್ಲಿ ನೀರು ಬಿಟ್ಟರೆ ಎದ್ದು ಹೋಗಿ ನೋಡುತ್ತಿದ್ದರು. ಒಂದು ದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

“ನೀನು ಅವರ ಜೊತೆ ಹಗಲೆಲ್ಲಾ ಇರ್ತೀಯ. ಏನೋ ಅದು? ಯಾರಿಗೋಸ್ಕರ ಕಾಯ್ತಾರೆ? ನಿನಗೆ ಏನಾದ್ರೂ ಗೊತ್ತಿದ್ರೆ ಹೇಳು, ನಿನ್ನ ಕಾಲಿಗೆ ಬೀಳ್ತೀನಿ.”

“ನನಗೇನು ಗೊತ್ತು? ವಯಸ್ಸಾಯ್ತು, ಹಾಗೆ ಆಗುತ್ತೆ” ಅಂತ ರೇಗಿದೆ. ಅಕ್ಕನ ಮೇಲೆ ರೇಗುವುದು ನನಗೆ ಸುಲಭ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹೀಗೇ ವರ್ಷಗಳು ಉರುಳಿದವು. ಹಳಬರಲ್ಲಿ ನಾವು ನಾಲ್ಕೇ ಜನ ಉಳಿದೆವು. ಭಾವ, ಬಡಗಿಯಣ್ಣ, ಗುಡುಗ, ನಾನು. ಒಂದು ವಿಚಿತ್ರ ನೋಡಿ, ನಾಲ್ವರಲ್ಲಿ ಯಾರೂ ಗುಂಪು ಬಿಡಲಿಲ್ಲ. ಬಡಗಿಯಣ್ಣನಿಗೆ ಮಂಡಿ ಹೋಗಿದೆ, ಮಗ ಮನೆಯಲ್ಲಿರಪ್ಪ ಅನ್ನುತ್ತಾನೆ. ಗುಡುಗನಿಗೆ ಈಗ ಕಿವಿ ಪೂರ್ತಿ ಹೋಗಿದೆ. ಆದರೂ ಮೋಲ್ಡಿನ ಹಿಂದಿನ ದಿನ ತಪ್ಪದೆ ಹತ್ತಿ ಬಂದು ನಿಲ್ಲುತ್ತಿದ್ದರು. ಭಾವನ ಮೇಲಿನ ವಿಶ್ವಾಸ ಅಂದುಕೊಂಡಿದ್ದೆ.

ಕಳೆದ ವರ್ಷ ಒಂದು ಮೂರಂತಸ್ತಿನ ಕಟ್ಟಡ ಹಿಡಿದೆವು. ವೈರಿಂಗ್ ಕೆಲಸ ಬೇರೆಯವರದು. ನಾನು ಕಂಬಿ ಹೆಣೆದು ಮುಗಿಸುವ ಹೊತ್ತಿಗೆ ಪೈಪಿನ ಕಂತೆ ಹೆಗಲ ಮೇಲೆ ಇಟ್ಟುಕೊಂಡು ಒಬ್ಬ ಹೆಣ್ಣುಮಗಳು ಏಣಿ ಹತ್ತಿ ಬಂದಳು. ಇಪ್ಪತ್ತಾರು ವಯಸ್ಸಿರಬೇಕು. ಪ್ಯಾಂಟು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಕಂತೆ ಇಳಿಸಿದಳು, ತೋಳಿನಿಂದ ಬಾಯಿ ಒರೆಸಿಕೊಂಡಳು. ಬಡಗಿಯಣ್ಣನ ಕೈಯಿಂದ ಸುತ್ತಿಗೆ ಜಾರಿ ಕೆಳಗೆ ಬಿತ್ತು.

“ಕೇಳೋ ಮೇಸ್ತ್ರಿ ಗುಂಪು ಇದೇ ಅಲ್ವಾ?” ಅಂದಳು. “ನಮ್ಮಮ್ಮ ನಿಮ್ಮ ಜೊತೆ ಇದ್ದರಂತೆ. ನೀರು ಹಾಕ್ತಿದ್ದರು.”

ಗುಡುಗನಿಗೆ ಕಿವಿ ಕೇಳಿಸುವುದಿಲ್ಲ, ಆದರೂ ಅವನ ಮುಖ ಬಿಳಿಚಿಕೊಂಡಿತು. ಭಾವ ಎರಡು ಹೆಜ್ಜೆ ಮುಂದೆ ಬಂದು, “ಬಾಮ್ಮ. ಎಲ್ಲಿಂದ ಶುರು ಮಾಡ್ತೀಯ ಮಾಡು” ಅಂತ ಮಾತ್ರ ಹೇಳಿ, ಅವಳ ಕಡೆ ನೋಡದೆ ಇಳಿದುಹೋದರು.

ಎರಡು ದಿನ ಅವಳು ಕೆಲಸ ಮಾಡಿದಳು. ಅಚ್ಚುಕಟ್ಟು ಕೆಲಸ, ನಾನು ಸುಮ್ಮಸುಮ್ಮನೆ ಯಾರನ್ನೂ ಹೊಗಳುವವನಲ್ಲ. ನನ್ನ ಒಂದು ಕಂಬಿಯನ್ನೂ ಕದಲಿಸದೆ ಪೈಪು ತೂರಿಸಿದಳು. ನಾವು ನಾಲ್ವರೂ ಅವಳಿಂದ ತಪ್ಪಿಸಿಕೊಂಡು ಓಡಾಡಿದೆವು. ಅವಳು ಟೀ ಕುಡಿಯಲು ಬಂದರೆ ನಾವು ಲೋಟ ಇಟ್ಟು ಎದ್ದೆವು. ನನಗೆ ಅವಳ ಪಾದ ನೋಡಲು ಧೈರ್ಯ ಇರಲಿಲ್ಲ, ಬೂಟು ಹಾಕಿದ್ದಳು ಸದ್ಯ.

ಮೂರನೇ ದಿನ ನಾಲ್ಕು ಗಂಟೆಗೆ ಎಲ್ಲರೂ ಹತ್ತಿದೆವು. ಎಂದಿನ ಹಾಗೆ ಜಾಗ ಬಿಟ್ಟು ನಿಂತೆವು. ಅವಳಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಬಂದಳು, ಜಾಗ ಖಾಲಿ ಕಂಡಿತು, ಹೋಗಿ ನಿಂತುಕೊಂಡಳು.

ಭಾವ ಆ ಕಡೆಯಿಂದ ಕೇಳುತ್ತ ಬಂದರು. ಜರಡಿಯವನು ಹೇಳಿದ, ಜಲ್ಲಿಯವರು ಹೇಳಿದರು, ನಾನು ಹೇಳಿದೆ. ಕೊನೆಯದಾಗಿ ಅಭ್ಯಾಸ ಬಲದಿಂದ ಖಾಲಿ ಜಾಗದ ಕಡೆ ಮುಖ ತಿರುಗಿಸಿದರು. ಅಲ್ಲಿ ನೀರಕ್ಕನ ಮಗಳ ಮುಖ ಇತ್ತು. ಭಾವ ಒಂದು ಹೆಜ್ಜೆ ಹಿಂದೆ ಸರಿದರು. ಪಕ್ಕದಲ್ಲಿದ್ದ ನಾನು ತೋಳು ಹಿಡಿದುಕೊಂಡೆ.

“ನನ್ನನ್ನ ಕೇಳಲ್ವಾ?” ಅಂದಳು ಅವಳು.

“ಹೇಳಮ್ಮ” ಅಂದರು ಭಾವ. “ಏನು ನೋಡಿದೆ?”

“ಪೈಪು ಎಲ್ಲ ಸರಿಯಿದೆ. ಮೆಟ್ಟಿಲ ಹತ್ತಿರದ ಒಂದು ವೈರು ಡಬ್ಬಿ ಸಡಿಲ ಇತ್ತು, ಬಿಗಿ ಮಾಡಿದೆ.” ತೋಳಿನಿಂದ ಬಾಯಿ ಒರೆಸಿಕೊಂಡಳು. “ನಾನೂ ಒಂದು ಕೇಳಬಹುದಾ ಮೇಸ್ತ್ರಿ? ಎರಡು ದಿನದಿಂದ ನೀವೆಲ್ಲ ನನ್ನ ಕಂಡ್ರೆ ಓಡ್ತೀರ. ನಾನೇನು ಭೂತಾನಾ? ಅಮ್ಮ ಕೆಲಸದ ಹೊತ್ತಲ್ಲಿ ಮಲಗಿದ್ದು ಅವಳ ತಪ್ಪು, ನಿಮ್ಮದೇನು ತಪ್ಪು? ಯಾಕೆ ಓಡ್ತೀರ?”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ತಿಳಿಯದೆ ಕೇಳುತ್ತಿದ್ದಳು. ಆ ‘ಅವಳ ತಪ್ಪು’ ಅನ್ನುವ ಮಾತು ನಮ್ಮದೇ. ನಾವು ಹೌದು ಅಂದದ್ದು ಇಲ್ಲಿ ತನಕ ಬಂದಿತ್ತು, ಒಂದು ಮಗುವಿನೊಳಗೆ ಬೆಳೆದು ಇಷ್ಟೆತ್ತರ ಆಗಿತ್ತು.

“ಮಲಗಿರಲಿಲ್ಲ” ಅಂದೆ.

ನನ್ನ ಬಾಯಿಂದಲೇ ಬಂತೇ ಅಂತ ನನಗೇ ಅನುಮಾನ. ಭಾವನ ತೋಳು ಬಿಟ್ಟೆ. ಇನ್ನು ಹಿಂದೆ ಹೋಗುವ ಹಾಗಿರಲಿಲ್ಲ. ನೆಲ ನೀರು ಕುಡಿಯುತ್ತಿದ್ದದ್ದು, ಅವಳು ಬಂದು ಹೇಳಿದ್ದು, ನನ್ನ ಹಾಳು ತಮಾಷೆ, ಬೆರಳಿನಿಂದ ಬಿಡಿಸಿ ಎಸೆದ ಹಲಗೆಯ ತುಂಡು, ಎಲ್ಲ ಹೇಳಿದೆ. ಭಾವನ ಕಡೆ ತಿರುಗಿ, “ನೀವು ಕೇಳಲಿಲ್ಲ ಅಂತ ಕೊರಗಬೇಡಿ ಭಾವ. ಅವಳು ಹೇಳಿದ್ಲು, ನನಗೆ ಹೇಳಿದ್ಲು. ತಪ್ಪು ನನ್ನದು. ಬೈಯಿರಿ, ಹೊಡೀರಿ, ಏನು ಬೇಕಾದ್ರೂ ಮಾಡಿ” ಅಂದೆ. ಕಣ್ಣಲ್ಲಿ ನೀರು ಬಂದು ಯಾರ ಮುಖವೂ ಕಾಣಿಸುತ್ತಿರಲಿಲ್ಲ.

ಭಾವ ಬೈಯಲಿಲ್ಲ. ಆ ಕಡೆಯಿಂದ ಬಡಗಿಯಣ್ಣ, “ನಿನಗೂನಾ?” ಅಂದ.

ನಾನು ಕಣ್ಣೊರೆಸಿಕೊಂಡು ನೋಡಿದೆ. ಮುದುಕ ಮಂಡಿ ಹಿಡಿದುಕೊಂಡು ನಿಂತಿದ್ದ. “ನನ್ನ ಹತ್ತಿರ ಬಂದಿದ್ಲು. ಕಂಬ ನಿಲ್ಲಿಸೋದು ನಾನಾ ನೀನಾ ಅಂತ ಗದರಿಸಿ ಕಳಿಸಿದೆ. ನನ್ನೊಬ್ಬನಿಗೇ ಹೇಳಿದ್ದಾಳೆ ಅಂದ್ಕೊಂಡಿದ್ದೆ. ಇಷ್ಟು ವರ್ಷ...”

ಗುಡುಗ ಎಲ್ಲರ ತುಟಿಗಳನ್ನೂ ನೋಡುತ್ತಿದ್ದ. ಏನು ನಡೆಯುತ್ತಿದೆ ಅಂತ ಅವನಿಗೆ ಕೇಳಿಸಿರಲು ಸಾಧ್ಯವಿಲ್ಲ, ಆದರೆ ಗೊತ್ತಾಗಿತ್ತು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ. “ನನಗೂ ಹೇಳಿದ್ಲು! ಯಂತ್ರ ಓಡ್ತಾ ಇತ್ತು. ಕೈ ಮಾಡಿ ಮೂಲೆ ತೋರಿಸಿದ್ಲು, ನೆಲ ತೋರಿಸಿದ್ಲು. ನನಗೆ ಅರ್ಥ ಆಯ್ತು! ಯಂತ್ರ ನಿಲ್ಲಿಸಿದ್ರೆ ಕಾಂಕ್ರೀಟು ಕಟ್ಟಿಕೊಳ್ಳುತ್ತೆ ಅಂತ ಆಯ್ತು ಆಯ್ತು ಅಂತ ತಲೆ ಆಡಿಸಿದೆ. ಅರ್ಥ ಆಗಿತ್ತು ನನಗೆ!”

ಕೆಳಗೆ ದಾರಿಯಲ್ಲಿ ಹೋಗುತ್ತಿದ್ದವರು ನಿಂತು ಮೇಲೆ ನೋಡಿದರು. ಹೊಸಬರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ನಾವು ಮೂವರೂ ಭಾವನ ಕಡೆ ತಿರುಗಿದೆವು. ಏನೂ ಅರಿಯದೆ ನಮ್ಮ ಮೂವರ ಪಾಪ ಹೊತ್ತ ಮನುಷ್ಯ ಅಂತ ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು.

ಭಾವ ಮೆಲ್ಲಗೆ ಕಂಬಿಯ ಮೇಲೆ ಕುಕ್ಕರಗಾಲಲ್ಲಿ ಕೂತರು.

“ಮೊದಲು ಹೇಳಿದ್ದು ನನಗೆ” ಅಂದರು. “ಬೆಳಗ್ಗೆ ಬಂದ ಕೂಡಲೇ. ಬಡಗಿಗೆ ಹೇಳು ಹೋಗು ಅಂದೆ. ಎದ್ದು ಹತ್ತು ಹೆಜ್ಜೆ ಹೋಗಿ ನೋಡಿದ್ರೆ ಮುಗೀತಿತ್ತು. ಬಡಗಿಗೆ ಹೇಳು ಅಂದೆ.”

ನನಗೆ ಕಾಲಿನ ಕೆಳಗೆ ಹಲಗೆ ಇಲ್ಲದ ಹಾಗಾಯಿತು. “ಮತ್ತೆ ಇಷ್ಟು ವರ್ಷ ಅವಳನ್ನ ಯಾರೂ ಕೇಳಲಿಲ್ಲ ಅಂತ...”

“ಸುಳ್ಳು” ಅಂದರು. “ನಿಮ್ಮನ್ನೆಲ್ಲ ನಿಲ್ಲಿಸಿ ಕೇಳ್ತಿದ್ದೆ, ನನ್ನನ್ನ ಯಾರೂ ಕೇಳದೆ ಇರಲಿ ಅಂತ. ಪ್ರತಿ ಸಲ ಇವತ್ತು ಹೇಳಿಬಿಡ್ತೀನಿ ಅಂತ ನಿಲ್ತಿದ್ದೆ. ಆಗ್ತಿರಲಿಲ್ಲ.”

ಹೌದಲ್ಲ! ಹತ್ತೊಂಬತ್ತು ವರ್ಷ ಎಲ್ಲರ ಸರದಿಯೂ ಬಂದಿತ್ತು, ಭಾವನ ಸರದಿ ಒಂದು ಸಲವೂ ಬಂದಿರಲಿಲ್ಲ. ನಮ್ಮಲ್ಲಿ ಯಾರಿಗೂ ಅದು ಹೊಳೆದೇ ಇರಲಿಲ್ಲ. ಅವರಿಗೆ ಬಿಡುಗಡೆ ಕೊಡುತ್ತೇನೆ ಅಂತ ಬಾಯಿ ಬಿಟ್ಟವನು ನಾನು. ಕೊಡುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಅವಳು ಬೆರಳು ಮಡಿಸಿದಳು, ಒಂದೊಂದಾಗಿ. “ಮೇಸ್ತ್ರಿಗೆ ಹೇಳಿದಳು. ಬಡಗಿಗೆ ಹೇಳಿದಳು. ನಿಮಗೆ ಹೇಳಿದಳು. ಇವರಿಗೆ ಹೇಳಿದಳು. ಆಮೇಲೆ ತಾನೇ ಹೋದಳು.”

“ಹೌದು” ಅಂದೆವು. ಆ ಹಳೆಯ ಹೌದಿನ ಮೇಲೆ ಈ ಹೌದು. ಭಾವ ಕೈ ಮುಗಿದರು. “ಏನು ಶಿಕ್ಷೆ ಬೇಕಾದ್ರೂ ಕೊಡು ತಾಯಿ. ಯಾರ ಮುಂದೆ ಬೇಕಾದ್ರೂ ಬಂದು ಹೇಳ್ತೀನಿ. ನಿಮ್ಮಜ್ಜಿ ಹತ್ತಿರ ಈಗಲೇ ಕರಕೊಂಡು ಹೋಗು, ಅವರ ಕಾಲಿಗೆ ಬಿದ್ದು ಹೇಳ್ತೀನಿ.”

“ಅಜ್ಜಿ ಹೋದ ವರ್ಷ ತೀರಿಕೊಂಡ್ರು” ಅಂದಳು. ಕೂಗಲಿಲ್ಲ, ಬೈಯಲಿಲ್ಲ. ನಮ್ಮಲ್ಲಿ ಒಬ್ಬರಿಗಾದರೂ ಕಪಾಳಕ್ಕೆ ಹೊಡೆದಿದ್ದರೆ ಸಾಕಿತ್ತು. “ಕೊನೇ ತನಕ ಒಂದೇ ಮಾತು ಹೇಳ್ತಿದ್ರು. ನನ್ನ ಮಗಳು ಕೆಲಸದ ಹೊತ್ತಲ್ಲಿ ಮಲಗೋಳಲ್ಲ, ಬೇರೆ ಏನೋ ಆಗಿದೆ ಅಂತ. ಹಾಸಿಗೆ ಹಿಡಿದಾಗಲೂ ಅದೇ. ನಾನು ಸಾಕು ಸುಮ್ಮನಿರಜ್ಜಿ, ನಾಲ್ಕು ಜನ ಸುಳ್ಳು ಹೇಳ್ತಾರಾ, ನಿನ್ನ ಮಗಳು ನನ್ನ ಯೋಚನೆ ಇಲ್ಲದೆ ನಿದ್ದೆ ಮಾಡಿ ಸತ್ತಳು ಅಂತ ಬೈತಿದ್ದೆ. ಅಜ್ಜಿ ಗೋಡೆ ಕಡೆ ತಿರುಗಿಕೊಳ್ತಿದ್ರು.”

ಆಮೇಲೆ ಅವಳು ಅಲ್ಲೇ ಕಂಬಿಗಳ ನಡುವೆ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. “ನಾನೇ ನಂಬಲಿಲ್ಲ ಅಜ್ಜೀ, ನಾನೇ ನಂಬಲಿಲ್ಲ” ಅನ್ನುತ್ತಿದ್ದಳು. ನಮ್ಮಲ್ಲಿ ಯಾರಿಗೂ ಅವಳ ಹತ್ತಿರ ಹೋಗುವ ಹಕ್ಕು ಇರಲಿಲ್ಲ. ಜಲ್ಲಿ ಹೊರುವ ಹೆಂಗಸೊಬ್ಬಳು ಹೋಗಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟಳು. ನಾವು ನಾಲ್ವರು ಗಂಡಸರು ಇದ್ದಲ್ಲೇ ಇದ್ದು ಅದನ್ನು ನೋಡಿದೆವು.